ಕಟ್ಟೆಯ ಮೇಲೆ ನುಂಗಿದ ಗುಳಿಗೆ

ಎರಡನೆಯ ಮಗಳು ಹುಟ್ಟಿದ ಮೇಲೆ ನನಗೆ ನಿದ್ದೆ ಬಿಟ್ಟುಹೋಯಿತು. ಅದರ ಹಿಂದೆಯೇ ಒಂದು ಧ್ವನಿ ಶುರುವಾಯಿತು. ತೊಟ್ಟಿಲಲ್ಲಿರುವುದು ನಿನ್ನ ಕೂಸಲ್ಲ, ಬದಲಿಸಿದ್ದಾರೆ ಎಂದು ಯಾರೋ ಹೆಂಗಸು ಕಿವಿಯಲ್ಲೇ ಕೂತು ಹೇಳುತ್ತಿದ್ದಳು. ಮಸ್ಕಿಯ ನನ್ನ ಅತ್ತೆಯ ಮನೆಯಲ್ಲಿ ಅದನ್ನು ಗಾಳಿ ಎಂದರು. ತಾಯಿತ ಕಟ್ಟಿಸಿದರು, ಮಂತ್ರವಾದಿಯ ಕೈಯಲ್ಲಿ ಬೇವಿನ ಕೊಂಬೆಯಿಂದ ಹೊಡೆಸಿದರು. ಪೆಟ್ಟು ನನಗೆ ಬಿತ್ತು, ಧ್ವನಿಗೆ ಏನೂ ಆಗಲಿಲ್ಲ.

ಸುದ್ದಿ ತಿಳಿದು ಗೊರೇಬಾಳದಿಂದ ಅಕ್ಕ ಬಂದಳು. ನನ್ನ ಬೆನ್ನು ನೋಡಿದವಳೇ ಕೂಸನ್ನು ಎತ್ತಿಕೊಂಡು, "ನಡಿ ಬೇ, ಲಿಂಗಸುಗೂರಿಗೆ ಹೋಗೂಣು," ಎಂದಳು.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಬಾಣಂತಿನ್ನ ಹೊರಗ ಕರ್ಕೊಂಡು ಹೊಂಟೀಯಲ್ಲ, ಜನ ಏನಂತಾರ?"

"ಬಾಣಂತಿನ್ನ ಹೊಡಸಾಕ ಜನರನ್ನ ಕೇಳಿದ್ರೇನ್ರಿ?" ಎಂದು ಅಕ್ಕ ನನ್ನ ಕೈ ಹಿಡಿದು ಹೊಸ್ತಿಲು ದಾಟಿಸಿದಳು.

ಲಿಂಗಸುಗೂರಿನ ದವಾಖಾನೆಯ ಡಾಕ್ಟರಮ್ಮ ಅಕ್ಕನಿಂದ ಧ್ವನಿಯ ವಿಷಯ ಕೇಳಿಕೊಂಡರು, ತಾಯಿತದ ಕಡೆ ನೋಡಲೂ ಇಲ್ಲ. "ಕಿವ್ಯಾಗ ಮಾತಾಡಾಕಿ ನಿನಗ ಏನ್ ಮಾಡಂತಾಳಮ್ಮ?" ಎಂದು ಕೇಳಿದರು. ಅಷ್ಟು ದಿನ ಯಾರೂ ಅದನ್ನು ಕೇಳಿರಲಿಲ್ಲ.

"ಕೂಸಿನ್ನ ಕಾಲುವಿಗೆ ಒಗಿ ಅಂತಾಳ್ರಿ," ಎಂದು ಅತ್ತುಬಿಟ್ಟೆ.

"ಹೆರಿಗಿ ಆದಮ್ಯಾಲ ಕೆಲವರಿಗೆ ಬರೋ ರೋಗ ಇದು. ನಿನ್ನ ತಪ್ಪಲ್ಲ. ಆರಾಮ ಆಗತೈತಿ."

ಅಂದೇ ಭರ್ತಿ ಮಾಡಿಕೊಂಡರು. ಅಕ್ಕ ಕೂಸಿನೊಂದಿಗೆ ಪಕ್ಕದಲ್ಲೇ ಉಳಿದಳು, ಅರೆಗಳಿಗೆಯೂ ನನ್ನನ್ನೂ ಕೂಸನ್ನೂ ಇಬ್ಬರನ್ನೇ ಬಿಟ್ಟು ಹೋಗಲಿಲ್ಲ. ಗುಳಿಗೆ ಶುರುವಾದ ಮೇಲೆ ಧ್ವನಿ ಪಿಸುಮಾತಾಯಿತು, ಆಮೇಲೆ ದೂರವಾಯಿತು. ಒಂದು ಬೆಳಗ್ಗೆ ಕೂಸು ಅತ್ತಾಗ ನನಗೆ ಆ ಅಳು ಮಾತ್ರ ಕೇಳಿಸಿತು. ಎತ್ತಿಕೊಂಡೆ. ನನ್ನ ಮಗಳೇ.

ಮಸ್ಕಿಗೆ ಮರಳಿದ ಮೇಲೆ ಅತ್ತೆ, ಡಾಕ್ಟರಮ್ಮ ಕೊಟ್ಟಿದ್ದ ಗುಳಿಗೆಗಳನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟರು. "ಒಳಗ ಕುಂತು ನುಂಗು. ಓಣಿ ಮಂದಿ ನೋಡ್ತಾರ." ನಾನು ಡಬ್ಬಿಯಿಂದ ಗುಳಿಗೆ ತೆಗೆದು, ತಂಬಿಗೆ ನೀರು ಹಿಡಿದು, ಹಾಡಹಗಲೇ ಹೊರಗಿನ ಕಟ್ಟೆಯ ಮೇಲೆ ಕೂತೆ. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಂಗಸರು ತಿರುಗಿದರು.

"ಏನ್ ಗುಳಿಗೀನೇ ಅದು?"

"ತಲಿ ರೋಗದ್ದು. ಇಲ್ಲದ ಮಾತು ಕೇಳಸ್ತಿತ್ತು, ಈಗ ಕೇಳಸೂದಿಲ್ಲ," ಎಂದು ಎಲ್ಲರೆದುರು ನುಂಗಿದೆ. ಡಾಕ್ಟರಮ್ಮ ಸಾಕು ಎನ್ನುವವರೆಗೂ ದಿನಾ ಅಲ್ಲೇ ನುಂಗಿದೆ.

ಆ ಹೆಂಗಸರಲ್ಲೇ ಒಬ್ಬಳು ಒಂದು ದಿನ ಬಂದು, ಸಿಂಧನೂರಿನಲ್ಲಿ ತನ್ನ ತಮ್ಮನ ಹೆಂಡತಿ ಹೆತ್ತಮೇಲೆ ಕಣ್ಣು ಮುಚ್ಚಿಲ್ಲ, ಕೋಣೆಯಲ್ಲಿ ಕೂಡಿಹಾಕಿದ್ದಾರೆ ಎಂದಳು. ಅವಳೊಂದಿಗೇ ಹೋದೆ. "ನಮ್ಮನಿ ವಿಷಯ ಈ ಹುಚ್ಚಿಗ್ಯಾಕ?" ಎಂದು ಆ ಮನೆಯ ಹಿರಿಯರು ಕೂಗಾಡಿದರು.

"ಹುಚ್ಚಿ ಅನ್ರಿ, ಏನರ ಅನ್ರಿ. ಕೋಣಿ ಕೀಲಿ ಕೊಡ್ರಿ."

ಕೊನೆಗೆ ಕೀಲಿ ಕೊಟ್ಟವನು ಆ ಬಾಣಂತಿಯ ಗಂಡ. ಆಕೆಯನ್ನು ಅದೇ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆವು. ಆಕೆ ಈಗ ನಿದ್ದೆ ಮಾಡುತ್ತಾಳೆ, ಮಗನಿಗೆ ಜೋಗುಳ ಹಾಡುತ್ತಾಳೆ. ಆ ಹಿರಿಯರು ಇವತ್ತಿಗೂ ನನ್ನನ್ನು ಹುಚ್ಚಿ ಎಂದೇ ಕರೆಯುತ್ತಾರೆ. ಕರೆಯಲಿ.