ತಂಗಿಯೇ ಎಂದು ಶುರುವಾದ ಪದ್ಯ

ಪಾಲಾಕ್ಷ ತೀರಿಕೊಂಡ. 1948ರ ಏಪ್ರಿಲ್‌ನಲ್ಲಿ, ಹೊಳೆನರಸೀಪುರದಲ್ಲಿ, ತಂಗಿಯ ಮಗಳ ಮದುವೆಯ ಮಾರನೆಯ ಬೆಳಿಗ್ಗೆ. ಪಕ್ಕದ ಚಾಪೆಯಲ್ಲಿ ಮಲಗಿದ್ದ ಗೆಳೆಯ ಚಂದ್ರಶೇಖರಯ್ಯ ಮೇಷ್ಟ್ರು ಎಬ್ಬಿಸಲೆಂದು ಭುಜ ಮುಟ್ಟಿದಾಗ ಮೈ ಆಗಲೇ ತಣ್ಣಗಾಗಿತ್ತು.

ಚನ್ನರಾಯಪಟ್ಟಣದ ಪೇಟೆಬೀದಿಯಲ್ಲಿ ಅವನದು ಕೊಬ್ಬರಿ ಅಂಗಡಿ. ಓದು ಅಷ್ಟಕ್ಕಷ್ಟೆ, ಪದ್ಯದ ಹುಚ್ಚು ಮಾತ್ರ ವಿಪರೀತ. ತಂಗಿ ನೀಲಾಂಬಿಕೆಯ ಮದುವೆಗೆ ತಾನೇ ಪದ್ಯ ಕಟ್ಟಿ, ಹಾಸನದಲ್ಲಿ ಗುಲಾಬಿ ಕಾಗದದ ಮೇಲೆ ಅಚ್ಚು ಹಾಕಿಸಿ, ಚಪ್ಪರದಡಿ ನಿಂತು ಓದಿದ್ದ. ಆಗಿನ ಮದುವೆಗಳಲ್ಲಿ ಅದೊಂದು ಮರ್ಯಾದೆ. ನೀಲಾಂಬಿಕೆ ಹೆಣ್ಣುಕೂಸನ್ನು ಹೆತ್ತು ಬಾಣಂತನದಲ್ಲೇ ಹೋದಳು. ಕೂಸು ಗಂಗಾಂಬಿಕೆ ಸೋದರಮಾವನ ಮನೆಯಲ್ಲಿ ಬೆಳೆಯಿತು.

ಕೆಲವು ವರ್ಷಗಳ ಮೇಲೆ ಅವನು ಮೇಷ್ಟ್ರ ಬಳಿ ಬಂದ.

"ಸತ್ತೋದ ತಂಗಿಗೆ ಒಂದು ಪದ್ಯ ಬರೀಬೇಕು ಮೇಷ್ಟ್ರೆ. ಮದ್ವೇದನ್ನ ಕಿವಿ ಹೇಳ್ದಂಗೆ ಬರ್ದಿದ್ದೆ. ಇದನ್ನ ತಿಳ್ಕಂಡು ಬರೀಬೇಕು."

ಪಾಠ ನಡೆದದ್ದು ಅಂಗಡಿಯ ಜಗಲಿಯ ಮೇಲೆ. ಪದ್ಯದ ಒಂದು ಸಾಲು ಪಾದ. ಉಸಿರು ನಿಲ್ಲುವ ಕಡೆ ಯತಿ. ಪ್ರತಿ ಪಾದದ ಎರಡನೆಯ ಅಕ್ಷರ ಒಂದೇ ಆಗಿದ್ದರೆ ಪ್ರಾಸ. ಗಿಡ್ಡ ಅಕ್ಷರ ಲಘು, ಉದ್ದದ್ದು ಗುರು ಎಂದಾಗ ಪಾಲಾಕ್ಷ ಗುರುವಿಗೆ ಉಂಡೆ ಕೊಬ್ಬರಿ, ಲಘುವಿಗೆ ಹೋಳು ಜೋಡಿಸತೊಡಗಿದ.

ಎದುರಂಗಡಿಯ ಗುಂಡಯ್ಯ ಕೂಗಿದ: "ಏನಯ್ಯಾ, ಕೊಬ್ರಿಗೆ ಅಕ್ಷರಾಭ್ಯಾಸವಾ?"

"ಊ ಕಣಯ್ಯ, ನಿಂಗಿಂತ ಬೇಗ ಕಲೀತಾವೆ!"

ಮೂರು ಅಕ್ಷರ ಸೇರಿದರೆ ಒಂದು ಗಣ. ಮೇಷ್ಟ್ರು ಎಂಟು ಗಣಗಳನ್ನೂ ಹೇಳಿ, ಮಾತಿಗೆ ಮಾತು ಸೇರಿಸುವಂತೆ ಹಳಬರ ನಂಬಿಕೆಯನ್ನೂ ಹೇಳಿದರು: ಪದ್ಯ ಮೂರೂ ಗುರುವಾದ ಮಗಣದಿಂದ ಶುರುವಾದರೆ ಸಂಪತ್ತು, ರಗಣದಿಂದಾದರೆ ಸಾವು. ರಗಣವೆಂದರೆ ಗುರು, ಲಘು, ಗುರು.

ಪಾಲಾಕ್ಷ ಒಂದು ಉಂಡೆ ಇಟ್ಟ. ಒಂದು ಹೋಳು ಇಟ್ಟ. ಮತ್ತೊಂದು ಉಂಡೆ ಇಟ್ಟ.

"ತಂಗಿಯೇ," ಅಂದ.

ಮದುವೆಯ ಪದ್ಯದ ಮೊದಲ ಮಾತು ಅದು.

ಮೇಷ್ಟ್ರು ಅವಸರ ಅವಸರವಾಗಿ ಅಂದರು: "ಅದೆಲ್ಲ ಹಳೇ ಪಂಡಿತರ ಮಾತು ಕಣೋ. ದೇವರ ಹೆಸರು ಬಂದರೆ ದೋಷವಿಲ್ಲ ಅಂತಲೂ ಅವರೇ ಹೇಳಿದಾರೆ."

"ದೇವ್ರಲ್ವಲ್ಲ ಮೇಷ್ಟ್ರೆ. ತಂಗಿ."

"ಹಾಗಾದ್ರೆ ತಂಗಿಯನ್ನ ಕರೆದ ಅಣ್ಣಂದಿರೆಲ್ಲ ಕೊಲೆಗಡುಕರೇನೋ?"

"ಅವ್ರು ಬರೀ ಕರುದ್ರು. ನಾನು ಪದ್ಯ ಕಟ್ಟಿ ಕರ್ದೆ."

ಬರೆಯುವುದು ಅಲ್ಲಿಗೆ ನಿಂತಿತು. ಕಲಿತದ್ದು ಮಾತ್ರ ಅವನನ್ನು ಬಿಡಲಿಲ್ಲ. ಗಿರಾಕಿ ಬಂದರೂ ತೊಡೆಯ ಮೇಲೆ ಬೆರಳಾಡಿಸಿ ಗಣ ಎಣಿಸಿ, ಆಮೇಲೆ ಬಾಯಿ ತೆರೆಯುವನು. ಗಂಗಾಂಬಿಕೆಯ ಹೆಸರು ತಗಣದಿಂದ ಶುರು, ಅದರ ಫಲ ಶೂನ್ಯ. ಅದಕ್ಕೆ ಅವಳನ್ನು ಮೂರು ಗುರು ಬರುವಂತೆ "ಗಂಗಮ್ಮಾ" ಎಂದೇ ಎಳೆದು ಕರೆಯುವನು.

"ಮಾತಾಡಾಕೂ ಪಂಚಾಂಗ ನೋಡ್ತಾನೆ ಕಣ್ಲಾ," ಎಂದು ಗುಂಡಯ್ಯ ಆಡಿಕೊಂಡ.

ಮದುವೆ ಗೊತ್ತಾದಾಗ ಗಂಗಾಂಬಿಕೆ ಹಟ ಹಿಡಿದಳು.

"ನಮ್ಮವ್ವಂಗೆ ಬರ್ದಂಗೆ ನಂಗೂ ಒಂದು ಪದ್ಯ ಬೇಕು ಮಾವ."

"ಬ್ಯಾಡವ್ವ."

"ನೀನು ಓದ್ದೆ ಇದ್ರೆ ನಾನು ಹಸೆಮಣೆ ಮ್ಯಾಲೆ ಕೂರಾಕಿಲ್ಲ, ನೋಡ್ಕೊ!"

ಕೊಡದಿದ್ದರೆ ತಾಯಿಯಿಲ್ಲದ ಹುಡುಗಿಯ ಮನಸ್ಸು ಮುರಿದಂತೆ. ಕೊಟ್ಟರೆ, ಮೊದಲ ಮಾತು ಅವಳನ್ನೇನು ಮಾಡುವುದೋ. ಮೇಷ್ಟ್ರು ಮಗಣದ ಎಷ್ಟೋ ಮಾತುಗಳನ್ನು ಸೂಚಿಸಿದರು. ಅವನು ಯಾವುದನ್ನೂ ನಂಬಲಿಲ್ಲ.

"ಅವತ್ತೂ ಒಳ್ಳೇ ಮಾತೇ ಅಂದ್ಕಂಡಿದ್ದೆ ಮೇಷ್ಟ್ರೆ."

ಕೊನೆಗೆ ಪದ್ಯವನ್ನೇನೋ ಕಟ್ಟಿದ. ಗಂಡಿನ ಊರು ಹೊಳೆನರಸೀಪುರದಲ್ಲಿ ಮದುವೆಯ ದಿನ ಅವನಿಗೆ ಜ್ವರ. ಅಕ್ಷತೆ ಬಿದ್ದ ಮೇಲೆ ಚಪ್ಪರದ ಕಂಬ ಹಿಡಿದು ಎದ್ದು ನಿಂತ. ಬಾಯಿ ತೆರೆದ, ತುಟಿಗಳು ಆಡಿದವು, ದನಿ ಹೊರಡಲಿಲ್ಲ. ಮರೆತುಹೋಯಿತೇನೋ ಎಂದು ಜನ ಪಿಸುಗುಟ್ಟಿದರು. ಒಂದು ಗಣದಷ್ಟು ಹೊತ್ತು ಕಳೆದ ಮೇಲೆ, ಪಾದದ ನಡುವಿನಿಂದ ಪದ್ಯ ಎದ್ದಿತು. ಅಲ್ಲಿಂದ ಕೊನೆಯವರೆಗೆ ಎಲ್ಲೂ ತಡವರಿಸದೆ ಹಾಡಿದ.

ಸಂಜೆ ಗಂಗಾಂಬಿಕೆ ಹಾಲು ತಂದು ಅವನ ಚಾಪೆಯ ಬಳಿ ಕೂತಳು.

"ಮೊದ್ಲು ಏನೋ ಬಿಟ್ಬುಟ್ಯಲ್ಲ ಮಾವ, ಏನದು?"

"ಅದು ನನ್ನತ್ರಾನೇ ಇರ್ಲಿ ಬುಡವ್ವ," ಎಂದ. ಹಾಲು ಕುಡಿದು ಲೋಟ ಅವಳ ಕೈಗಿತ್ತು, ಗೋಡೆಯ ಕಡೆ ತಿರುಗಿ ಮಲಗಿದ.