ಮ್ಯಾರಥಾನಿನ ತಿರುವಿನಲ್ಲಿ ನಾನು

ಚನ್ನರಾಯಪಟ್ಟಣದಲ್ಲಿ ನಾನು ಕೊಬ್ಬರಿ ವ್ಯಾಪಾರಿ. ರೈತರು ಅಟ್ಟದಿಂದ ಇಳಿಸಿದ ಒಣಗಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಒಳಗೆ ಗಡಗಡ ಅಂದರೆ ಕೊಬ್ಬರಿ ಒಣಗಿದೆ. ನೀರಿನ ಸದ್ದು ಬಂದರೆ ಪಕ್ಕಕ್ಕಿಡುತ್ತೇನೆ. ಇದನ್ನೇ ಮಾಡಿ ಮಾಡಿ, ಮನುಷ್ಯರ ಮಾತನ್ನೂ ಅಲ್ಲಾಡಿಸದೆ ನಂಬದ ಚಾಳಿ ಅಂಟಿಕೊಂಡಿದೆ.

ಸಕ್ಕರೆ ಕಾಯಿಲೆಗೆಂದು ನಡೆಯಲು ಹೊರಟ ನನ್ನ ಹೆಂಡತಿ ಬರಬರುತ್ತಾ ಓಡಲು ಶುರು ಮಾಡಿದಳು. ಒಂದು ದಿನ, ಬೆಂಗಳೂರಿನ ಮ್ಯಾರಥಾನಿಗೆ ಹೆಸರು ಕೊಟ್ಟಿದ್ದೀನಿ ಅಂದಳು. ಇಪ್ಪತ್ತೊಂದು ಕಿಲೋಮೀಟರ್!

"ಅವತ್ತು ಬಸ್ಸು ಕಾರು ಎಲ್ಲಾ ನಿಲ್ಸಿ ರೋಡ್ನ ನಮ್ಗೇ ಬಿಟ್ಬುಡ್ತಾರಂತೆ ಕಣ್ರೀ. ಟೈಮೊಳಗೆ ಮುಗ್ಸಿದ್ರೆ ಕೊರಳಿಗೆ ಮೆಡ್ಲು ಹಾಕ್ತಾರೆ. ನಂಗೆ ಇಸ್ಕೂಲಲ್ಲೂ ಒಂದೂ ಸಿಕ್ಕಿರ್ಲಿಲ್ಲ."

ಥೂ, ಆಂಬುಲೆನ್ಸಿಗೇ ದಾರಿ ಬಿಡದ ಊರು, ಇವಳಿಗೆ ಬಿಡುತ್ತದಾ? ಏನೋ ಮಸಲತ್ತಿದೆ ಎಂದು ನಾನೂ ಜೊತೆಗೆ ಹೊರಟೆ.

ಓಟದ ದಿನ ಬೆಂಗಳೂರಲ್ಲಿ ನೋಡಿದರೆ ರಸ್ತೆಯಲ್ಲಿ ನಿಜವಾಗಿಯೂ ಒಂದು ಗಾಡಿಯಿಲ್ಲ. ಮಂಡಿ ಸವೆದು ಓಟ ಬಿಟ್ಟಿದ್ದ ಮುದುಕರೊಬ್ಬರು ರಸ್ತೆ ಬದಿಯಲ್ಲಿ ನನ್ನ ಪಕ್ಕ ನಿಂತು ಈ ಓಟದ ಮೊದಲ ವರ್ಷಗಳ ಕಥೆ ಹೇಳಿದರು. ಆಗ ಓಡುವವರು ಬೆರಳೆಣಿಕೆಯಷ್ಟಂತೆ. ಹಾಲು ತರಲು ಬಂದವರು, ನಾಯಿ ಅಟ್ಟಿಸಿಕೊಂಡು ಬರ್ತಿದೆಯಾ ಅಂತ ಕೇಳುತ್ತಿದ್ದರಂತೆ.

"ಈಗ ಇಷ್ಟೊಂದು ಜನ ಬತ್ತಾರಲ್ಲ, ಏನ್ ಸಿಗುತ್ತೆ ಸಾ?" ಅಂದೆ.

"ಗುರುತಿಲ್ಲದೋರು ಚಪ್ಪಾಳೆ ತಟ್ತಾರೆ. ಮನೇಲಿ ಯಾರು ತಟ್ತಾರೆ ಹೇಳಿ?" ಎಂದು ಕಾಫಿಗೆ ಹೋದರು. ನನಗೇ ಅಂದಂತಾಯಿತು.

ಅಷ್ಟರಲ್ಲಿ ಹೆಂಡತಿ ನನ್ನೆದುರೇ ಹಾದುಹೋದಳು. ಅರ್ಧ ಗಂಟೆಯಲ್ಲೇ ರಸ್ತೆಯ ಆಚೆ ಬದಿಯಲ್ಲಿ ವಾಪಸ್ ಬರುತ್ತಿದ್ದಾಳೆ! ಜೊತೆಗೆ ಇನ್ನೂ ಹತ್ತಾರು ಜನ. ಓಹೋ, ಎಲ್ಲ ಸೇರಿ ಅರ್ಧಕ್ಕೇ ತಿರುಗಿ ಕಳ್ಳಾಟ ಆಡುತ್ತಿದ್ದಾರೆ ಅಂದುಕೊಂಡೆ. ರಸ್ತೆ ದಾಟಿ ಅವಳ ಕೈ ಹಿಡಿದು ನಿಲ್ಲಿಸಿದೆ.

"ಯಾರಿಗೆ ನಾಮ ಆಕ್ತೀಯೇ? ಸಾಕು, ನಡಿ ಮನೆಗೆ!"

"ಬಿಡ್ರೀ! ದಾರಿನೇ ಅಂಗೈತೆ. ಮುಂದೆ ತಿರುಗ್ಸಿ ಕಳಿಸ್ತಾರೆ. ಟೈಮ್ ಓಯ್ತದೆ, ದಮ್ಮಯ್ಯ ಬಿಡಿ!"

ನಾನು ನಂಬಲಿಲ್ಲ. ಒಂದೊಂದೇ ಪ್ರಶ್ನೆ ಹಾಕಿ ವಿಚಾರಣೆಗೇ ಇಳಿದೆ. ಕೊನೆಗೆ ಬಂದೋಬಸ್ತಿಗಿದ್ದ ಪೊಲೀಸಿನವರು ಬಂದು, "ಯೂ ಟರ್ನ್ ಇರೋದೇ ಅಲ್ಲಿ. ಬಿಡ್ರೀ ಅವ್ರನ್ನ!" ಎಂದು ಗದರಿದ ಮೇಲೆ ಕೈಬಿಟ್ಟೆ. ಅವಳು ಅಳುತ್ತಲೇ ಓಡಿದಳು.

ಅವಳು ಗೆರೆ ಮುಟ್ಟುವ ಹೊತ್ತಿಗೆ ಗಡುವು ಮುಗಿದು ಮೂರು ನಿಮಿಷವಾಗಿತ್ತು. ಮೆಡಲ್ ಸಿಗಲಿಲ್ಲ. ನಾನು ಕೈ ಹಿಡಿದು ನಿಂತದ್ದು ಅದಕ್ಕಿಂತ ಹೆಚ್ಚು ಹೊತ್ತು. ವಾಪಸ್ ಬಸ್ಸಿನಲ್ಲಿ ಅವಳು ಬೇರೆ ಸೀಟು ಹುಡುಕಿ ಕೂತಳು. ನನಗೋ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು.

ಮಾರನೇ ದಿನ ಪಕ್ಕದ ಮನೆಯಾಕೆ ಬಾಗಿಲಿಗೇ ಬಂದು, "ಎಲ್ಲಿ ಅಕ್ಕಾ ಮೆಡ್ಲು?" ಅಂದಳು. ನಾನು ಜಗಲಿಯಲ್ಲಿ ಕಾಯಿ ನೋಡುತ್ತಾ ಕೂತಿದ್ದೆ.

"ಕೊನೇಲಿ ಕಾಲು ಉಳುಕ್ಬುಡ್ತು ಕಣಮ್ಮಾ," ಅಂದಳು ನನ್ನ ಹೆಂಡತಿ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಕಿವಿಯವರೆಗೂ ಎತ್ತಿದ್ದ ಕಾಯಿಯನ್ನು ಅಲ್ಲಾಡಿಸದೆ ಹಾಗೇ ಕೆಳಗಿಟ್ಟೆ.