ಕಾಜಾದೊಳಗಿನ ದನಿ

ನಲವತ್ತು ವರ್ಷ ಹೊಲಿಗೆ ಮಿಷನ್‌ಗಳ ಹೊಟ್ಟೆ ಬಗೆದು ಸರಿಮಾಡಿದವನಿಗೆ ಬೀದಿಯವರು ಇಟ್ಟ ಹೆಸರು ಮಿಷನ್ ಮಾಮ. ಶಾಲೆ ಏಳನೇ ತರಗತಿಗೇ ನಿಂತಿತ್ತು. ಕೈ ಮಾತ್ರ ನಿಲ್ಲಲಿಲ್ಲ. ಕಣ್ಣಿಗೆ ಬಿದ್ದದ್ದನ್ನು ಬಿಚ್ಚುವುದು, ಬಿಚ್ಚಿದ್ದನ್ನು ಜೋಡಿಸುವುದು, ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿದರೆ ಮತ್ತೆ ಬಿಚ್ಚುವುದು, ಇದೇ ಅವನ ವಿದ್ಯಾಭ್ಯಾಸ. ಅರವತ್ತು ದಾಟಿದ ಮೇಲೆ ಕಂಪ್ಯೂಟರನ್ನೂ ಹಾಗೆಯೇ ಕಲಿತ. ಗುಜರಿಗೆ ಹೊರಟಿದ್ದ ಹಳೆಯ ಪೆಟ್ಟಿಗೆಯೊಂದನ್ನು ಮನೆಗೆ ತಂದು, ಧೂಳು ಊದಿ, ಎಲ್ಲಿಯೂ ಮಿಷನ್ ಎಣ್ಣೆ ಬಿಡದೆ (ಅವನ ಪಾಲಿಗೆ ಅದೇ ದೊಡ್ಡ ತ್ಯಾಗ) ಕೆಲಸದ ಮೇಜಿನ ಕೆಳಗೆ ಕೂರಿಸಿದ. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಸಂಸಾರ ನೆಟ್ಟಗಿರುವ ಗೃಹಸ್ಥನಂತೆ ಮೂಲೆಯಲ್ಲಿ ಗುಂಯ್ ಎನ್ನುತ್ತ ಕೂತಿರುತ್ತದೆ. ಅದೇ ಅವನ ಮನೆಯ ಸರ್ವರ್.

ಅದಕ್ಕಿದ್ದದ್ದು ಒಂದೇ ಕೆಲಸ. ಅಕ್ಕನಿಗೆ ಬೀದಿಯ ಸುದ್ದಿ ಕೇಳಿಸುವುದು.

ಅಕ್ಕ ಅವನಿಗಿಂತ ಎಂಟು ವರ್ಷ ದೊಡ್ಡವಳು. ಮದುವೆಯಾಗಿ ಆರು ತಾಸು ಬಸ್ ದಾರಿಯ ಊರಿಗೆ ಹೋದವಳು. ಕಣ್ಣು ಹೋಗಿ ಎರಡು ವರ್ಷವಾಗಿತ್ತು. "ನಂಗೆ ಟಿವಿನೂ ಬೇಡ, ಹಾಡೂ ಬೇಡ. ನಮ್ಮ ಬೀದೀಲಿ ಏನಾಯ್ತು, ಅದನ್ನ ಹೇಳು" ಎಂದಿದ್ದಳು. ಫೋನಿನಲ್ಲಿ ಹೇಳಲು ಹೋದರೆ ಐದನೇ ನಿಮಿಷಕ್ಕೆ ಜಗಳ ಶುರು. ಅದಕ್ಕೆ ಮಾಮ ದಿನಾ ಬೆಳಿಗ್ಗೆ ಕಾಲು ತಾಸು ತಾನೊಬ್ಬನೇ ಮಾತಾಡಿ ಸರ್ವರಿಗೆ ತುಂಬುತ್ತಿದ್ದ. ಮೂಲೆಮನೆಯವರು ಕಿಟಕಿಗೆ ಹಸಿರು ಬಳಿದದ್ದು, ಬೇಕರಿಯವನ ಬೆಕ್ಕು ಅವನ ಹೆಂಡತಿಯ ಉಣ್ಣೆ ಟೋಪಿಯಲ್ಲೇ ಮರಿ ಹಾಕಿದ್ದು, ಎದುರುಮನೆ ಮೇಷ್ಟ್ರು ಕನ್ನಡಕ ಹಣೆಗೇರಿಸಿಕೊಂಡು ಬೀದಿಯೆಲ್ಲ ಅದನ್ನೇ ಹುಡುಕಿದ್ದು, ಎಲ್ಲಾ. ಅಕ್ಕ ಊಟವಾದ ಮೇಲೆ ಕೇಳುತ್ತಿದ್ದಳು. ಮಂಡಿ ನೋವಿನ ದಿನ ಎರಡೆರಡು ಸಲ ಕೇಳುತ್ತಿದ್ದಳು.

ಅಕ್ಕನ ಫೋನಿನ ಗಾಜು ನುಣ್ಣಗೆ, ಬೆರಳಿಗೆ ಗುರುತು ಸಿಗದು. ಮಾಮ ಅದರ ಮುಖಕ್ಕೇ ಒಂದು ಚರ್ಮದ ಮುಸುಕು ಹೊಲಿದು, ಸರಿಯಾದ ಜಾಗದಲ್ಲಿ ಅಂಗಿಯ ಗುಂಡಿ ತೂರಿಸಲು ತೆಗೆಯುವಂಥ ಕಾಜಾ ತೆಗೆದಿದ್ದ. ಬೆರಳು ಕಾಜಾದಲ್ಲಿ ಇಳಿದರೆ ಕೆಳಗೆ ಮಾಮನ ಸರ್ವರಿನ ಲಿಂಕು. ಒತ್ತಿದರೆ ಆ ದಿನದ ಸುದ್ದಿ ತಾನಾಗಿ ಶುರು.

ಎಲ್ಲಾ ಸುಸೂತ್ರವಾಗಿತ್ತು, ಬೀದಿಯ ಹಳೆಯ ವಿದ್ಯುತ್ ಕಂಬಗಳನ್ನು ಕೀಳುವ ತನಕ. ಮನೆಗೆ ಇಂಟರ್ನೆಟ್ ಕೊಡುವವರು ಅದರ ಜೊತೆಗೊಂದು ನಂಬರನ್ನೂ ಕೊಡುತ್ತಾರೆ. ಹೊರಗಿನವರು ಆ ನಂಬರ್ ಹಿಡಿದೇ ಬಾಗಿಲಿಗೆ ಬರಬೇಕು. ಆದರೆ ಕರೆಂಟು ಹೋಗಿ ಬಂದಾಗೆಲ್ಲ ಅವರು ಹಳೆಯದನ್ನು ಕಿತ್ತುಕೊಂಡು ಹೊಸತು ಅಂಟಿಸುತ್ತಿದ್ದರು. ಕಾಜಾದ ಕೆಳಗಿನ ಲಿಂಕಿನಲ್ಲಿ ಇದ್ದದ್ದು ಹಳೆಯ ನಂಬರ್. ಅಕ್ಕ ಒತ್ತಿದಳು, ಸದ್ದಿಲ್ಲ. ಮಾರನೆಯ ದಿನವೂ ಒತ್ತಿದಳು, ಸದ್ದಿಲ್ಲ. ಅಕ್ಕನನ್ನು ನೋಡಿಕೊಳ್ಳುವಾಕೆಗೆ ಮಾಮ ಹೊಸ ನಂಬರನ್ನು ಫೋನಿನಲ್ಲಿ ಬರೆಸಿದ. "ಇದೇನಣ್ಣಾ, ನಂಬರೋ ಗೂಡ್ಸ್ ರೈಲೋ?" ಎಂದು ಅವಳು ತಪ್ಪಿ ತಪ್ಪಿ ಬರೆದು ಮುಗಿಸುವಷ್ಟರಲ್ಲಿ ಮತ್ತೊಂದು ಕಂಬ ಕಿತ್ತರು.

ಭಾನುವಾರ ಅಕ್ಕನೇ ಫೋನ್ ಹಿಡಿದಳು.

"ಹಿಡಿದದ್ದನ್ನ ನಡುವೆ ಬಿಡೋದು ನಿನ್ನ ಹುಟ್ಟುಗುಣ ಕಣೋ. ಈಜು ಬಿಟ್ಟೆ. ಕೊಳಲು ಬಿಟ್ಟೆ. ಈಗ ಇದು."

"ಬಿಟ್ಟಿಲ್ಲ ಅಕ್ಕಾ! ಮನೆ ನಂಬರ್ ಬದಲಾಗೋಯ್ತು."

"ಹುಟ್ಟಿದ ಮನೇಲೇ ಗೂಟ ಹೊಡ್ಕೊಂಡು ಕೂತಿದೀಯ, ಇದ್ಯಾವ ನಂಬರೋ? ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಸಾಕಾಗಿದ್ರೆ ಸಾಕಾಯ್ತು ಅಂತ ಹೇಳು. ನಾನೇನು ಅಳಲ್ಲ."

ಅಳುವವರೇ ಹಾಗನ್ನುವುದು ಎಂದು ಮಾಮನಿಗೆ ಗೊತ್ತಿತ್ತು.

ಮರುದಿನ ಗುಂಡಿ, ದಾರ ಮಾರುವ ಅಂಗಡಿಯಾಕೆಯ ಮುಂದೆ ಹೋಗಿ ನಿಂತ. ಅವಳ ಅಂಗಡಿಗೆ ಇಂಟರ್ನೆಟ್ಟಿನಲ್ಲಿ ಸ್ವಂತ ಹೆಸರೊಂದಿತ್ತು.

"ಏನ್ ಮಾಮಾ, ಮುಖ ಹೊಲಿಗೆ ಬಿಟ್ಟ ಜೇಬಿನ ಹಾಗೆ ನೇತಾಡ್ತಿದೆ?"

"ನಿನ್ನ ಡೊಮೇನಿನ ಕೆಳಗೆ ನಂಗೊಂದು ಸಬ್‌ಡೊಮೇನ್ ಬೇಕು ಮಗಳೇ."

"ಅರ್ಥ ಆಗೋ ಹಾಗೆ ಹೇಳಿ."

"ನಿನ್ನ ಅಂಗಡಿ ಬೋರ್ಡಿನ ಕೆಳಗೆ ನಂದೊಂದು ಚಿಕ್ಕ ಬೋರ್ಡು. ಅದರ ಬಾಣ ನಮ್ಮನೆ ಕಡೆಗೆ. ನಂಬರ್ ಏನಾದ್ರೂ ಆಗ್ಲಿ, ಹೆಸರು ಹೇಳಿದ್ರೆ ಬಂದು ಮುಟ್ಟಬೇಕು."

"ಇಷ್ಟೇನಾ? ಏನಂತ ಬರೀಲಿ ಬೋರ್ಡಲ್ಲಿ? ಮಿಷನ್ ಮಾಮ ಅಂತಾನಾ?"

ಮಾಮ ದಾರದ ಉಂಡೆಯೊಂದನ್ನು ಅತ್ತಿತ್ತ ಉರುಳಿಸಿದ. "ತಮ್ಮ ಅಂತ ಬರಿ" ಎಂದ.

ಅಲ್ಲೇ ಕೂತು ಬಾಣ ತಿರುಗಿಸಿದ್ದಾಯಿತು. ಮನೆಗೆ ಬಂದು ತನ್ನ ಫೋನಿನಲ್ಲಿ ಹೊಸ ಹೆಸರು ಒತ್ತಿ ನೋಡಿದ. ತನ್ನದೇ ದನಿ ಖಣಿಖಣಿ ಎಂದು ಬಂತು! ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕೂಡಲೇ ಅಕ್ಕನ ಮನೆಗೆ ಫೋನ್ ಮಾಡಿ, ಹೆಸರು ಬರೆಸಿ, ಒತ್ತಿಸಿದ. ಒಂದು ಸಲ, ಎರಡು ಸಲ, ಮೂರು ಸಲ. ಏನೂ ಇಲ್ಲ. ಹಿಂದಿನಿಂದ ಅಕ್ಕನ ಮಾತು ಕೇಳಿಸಿತು: "ಬಿಡಮ್ಮಾ, ಸಾಕು. ಆ ತೂತನ್ನ ಹೊಲಿದು ಮುಚ್ಚಿಬಿಡು."

ಆ ದಿನ ಮಾಮನಿಗೆ ಊಟ ಸೇರಲಿಲ್ಲ. ತಪ್ಪು ಎಲ್ಲೆಂದು ಸಿಕ್ಕಿದ್ದು ಮಾರನೆಯ ದಿನ, ಅದೂ ಹಲ್ಲುಜ್ಜುವಾಗ. ಮಿಷನ್ ರಿಪೇರಿಯವನಿಗೆ ಒಂದು ಅಭ್ಯಾಸವಿದೆ: ತನ್ನ ಮೇಜಿನ ಮೇಲೆ ಓಡಿದರೆ ಗಿರಾಕಿಯ ಮನೆಯಲ್ಲೂ ಓಡಿದಂತೆಯೇ ಎಂದುಕೊಳ್ಳುವುದು. ಮಾಮ ಬೋರ್ಡಿಗೆ ಬರೆದದ್ದು ದಿನಾ ತಾನು ಮನೆಯೊಳಗೆ ಬಳಸುವ ನಂಬರನ್ನು. ಅದು ನಾಲ್ಕು ಗೋಡೆಗಳ ನಡುವೆ ಮಾತ್ರ ನಡೆಯುವ ನಾಣ್ಯ. ಅಡುಗೆಮನೆಯಲ್ಲಿ ನಿಂತು "ಇಲ್ಲೇ, ಪಕ್ಕದ ಕೋಣೆ" ಎಂದರೆ ಮನೆಯವರಿಗೆ ತಿಳಿಯುತ್ತದೆ. ಬೇರೆ ಊರಿನಲ್ಲಿ ಕೂತವಳು ಯಾವ ಪಕ್ಕಕ್ಕೆ ತಿರುಗಬೇಕು?

ಬಾಯಲ್ಲಿ ನೊರೆ ಇಟ್ಟುಕೊಂಡೇ ಫೋನ್ ಹಿಡಿದು ಮೇಜಿನ ಕೆಳಗೆ ತೂರಿದ. ಈ ಸಲ ಇಂಟರ್ನೆಟ್‌ನವರು ಕೊಟ್ಟ, ಬೀದಿ ಕಡೆಯ ನಂಬರ್ ಬರೆದ. ಅದೂ ನಾಳೆ ಬದಲಾಗುವುದೇ; ಅದಕ್ಕೊಬ್ಬ ಕಾವಲುಗಾರ ಬೇಕು. ನಾಲ್ಕು ದಿನ ಓದಿ, ಬರೆದು, ಅಳಿಸಿ, ಹತ್ತು ಸಾಲಿನ ಸಣ್ಣ ಪ್ರೋಗ್ರಾಂ ಮಾಡಿದ. ಐದು ನಿಮಿಷಕ್ಕೊಮ್ಮೆ ಸರ್ವರು ಹೊರಗಿನ ಒಂದು ಕಂಪ್ಯೂಟರನ್ನು ಕೇಳುತ್ತದೆ: ನಾನು ನಿನಗೆ ಯಾವ ನಂಬರಿನಿಂದ ಕಾಣುತ್ತಿದ್ದೇನೆ? ಬದಲಾಗಿದ್ದರೆ ಓಡಿಹೋಗಿ ಬೋರ್ಡಿನ ಬಾಣ ತಿದ್ದುತ್ತದೆ. ಈ ಸಲ ಪರೀಕ್ಷೆ ಮಾಡಿದ್ದು ತನ್ನ ಮೇಜಿನ ಮೇಲಲ್ಲ. ಮನೆಯ ವೈಫೈ ಆರಿಸಿ, ಬಸ್ ನಿಲ್ದಾಣದ ತನಕ ನಡೆದು, ಅಲ್ಲಿ ನಿಂತು ಒತ್ತಿದ. ದನಿ ಬಂತು.

ನಿಂತಲ್ಲೇ ಅಕ್ಕನ ಊರಿನ ಬಸ್ ಹತ್ತಬಹುದಿತ್ತು. ಆದರೆ ಅಂದಿನ ಸುದ್ದಿ ಇನ್ನೂ ಹೇಳಿರಲಿಲ್ಲ. ಮನೆಗೆ ಹೋಗಿ, ಹೇಳಿ, ಬೀಗದ ಕೈಯನ್ನು ಗುಂಡಿ ಅಂಗಡಿಯಾಕೆಗೆ ಕೊಟ್ಟು ಹೊರಟ.

ಅಕ್ಕ ಕಿಟಕಿಯ ಪಕ್ಕದ ಮಂಚದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕೆಮ್ಮಿನಲ್ಲೇ ಗುರುತು ಹಿಡಿದಳು. "ಬಂದ್ಯಾ? ಚಪ್ಪಲಿ ಹೊರಗೆ ಬಿಡು" ಎಂದಳು, ಅಷ್ಟೇ. ನೋಡಿಕೊಳ್ಳುವಾಕೆ ಫೋನ್ ತಂದುಕೊಟ್ಟು ಕಿವಿಯಲ್ಲಿ ಉಸುರಿದಳು: "ಹೊಲಿ ಅಂದ್ರು ಅಣ್ಣಾ. ದಾರ ಸಿಗ್ಲಿಲ್ಲ ಅಂತ ಹೇಳಿದೀನಿ."

ಮಾಮ ಕಾಜಾದ ಕೆಳಗೆ ಹೊಸ ಹೆಸರನ್ನು ಕೂರಿಸಿದ. "ಅಕ್ಕಾ, ನಾನು ಹೇಳಿದ್ದು ನೆಪ ಅಲ್ಲ ಅಂತ ನಿನ್ನೆದುರಿಗೇ ತೋರಿಸ್ತೀನಿ" ಎಂದು ತನ್ನ ಫೋನಿನಿಂದ ಗುಂಡಿ ಅಂಗಡಿಯಾಕೆಯನ್ನು ಕರೆದ. "ಮಗಳೇ, ನಮ್ಮನೇಲೇ ಇದೀಯಲ್ಲ? ಇಂಟರ್ನೆಟ್ ಡಬ್ಬಿ ಪ್ಲಗ್ ಕಿತ್ತು ಮತ್ತೆ ಹಾಕು."

"ಕಿತ್ತೆ ಮಾಮಾ... ಹಾಕ್ದೆ. ಮಿಣಮಿಣ ಅಂತಿದೆ. ದೊಡ್ಡಮ್ಮಂಗೆ ನಮಸ್ಕಾರ ಹೇಳಿ."

"ಈಗ ನಂಬರ್ ಬದಲಾಯ್ತು ಅಕ್ಕಾ. ಹತ್ತು ನಿಮಿಷ ತಡಿ, ಅದೇ ದಾರಿ ಸರಿಮಾಡ್ಕೊಳ್ಳತ್ತೆ."

"ಹತ್ತು ನಿಮಿಷ ನಿನ್ನ ಮುಖ ನೋಡ್ತಾ ಕೂರಕ್ಕೂ ಆಗಲ್ಲ ನಂಗೆ" ಎಂದಳು ಅಕ್ಕ. ನೋಡಿಕೊಳ್ಳುವಾಕೆ ನಗು ತಡೆಯಲಾಗದೆ ಒಳಗೆ ಹೋದಳು.

ಇಬ್ಬರೇ ಉಳಿದರು. ಮಾಮ ಗಡಿಯಾರ ನೋಡುತ್ತ ಕೂತ. ಬಹಳ ಹೊತ್ತಿನ ಮೇಲೆ ಅಕ್ಕ ಕೇಳಿದಳು.

"ಈಜು ಯಾಕೋ ಬಿಟ್ಟೆ?"

"ನೀನು ಮದುವೆಯಾಗಿ ಹೋದೆ. ದಡದಲ್ಲಿ ನನ್ನ ಬಟ್ಟೆ ಕಾಯೋರು ಯಾರೂ ಇರ್ಲಿಲ್ಲ."

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಮತ್ತೆ ಕೊಳಲು?"

"ಅದು ನಿಜವಾಗ್ಲೂ ಬರ್ಲಿಲ್ಲ."

ಅಕ್ಕನ ಹೊಟ್ಟೆ ಕುಲುಕಿತು. ನಗುತ್ತಲೇ ಫೋನಿಗೆ ಕೈ ಚಾಚಿದಳು. ಬೆರಳು ಚರ್ಮದ ಮೇಲೆ ತಡಕಾಡಿ, ಕಾಜಾದ ಅಂಚು ಸಿಕ್ಕಿ, ಒಳಗಿಳಿಯಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಫೋನಿನೊಳಗಿಂದ ಮಾಮನ ದನಿ ಬಂತು.

"ಅಕ್ಕಾ, ಇವತ್ತು ನಮ್ಮ ಬೀದೀಲಿ ಕೊನೇ ಕಂಬಾನೂ ಕಿತ್ರು. ಅದರ ಮೇಲೆ ಗೂಡು ಕಟ್ಟಿದ್ದ ಕಾಗೆ ಇದೆಯಲ್ಲ, ಅದು ಹೋಗಿ ಮೇಷ್ಟ್ರ ಕಿಟಕಿ ಮೇಲೆ ಕೂತು..."

"ಕೇಳಿದ್ಯಾ ಅಕ್ಕಾ? ನಾನು ಹೇಳ್ಲಿಲ್ವಾ, ನಂಬರ್ ಬದ..."

"ಶ್!" ಅಕ್ಕ ಅವನ ಮಂಡಿಯ ಮೇಲೆ ಒಂದು ಪೆಟ್ಟು ಕೊಟ್ಟಳು, ಕೊಟ್ಟ ಕೈಯನ್ನು ಅಲ್ಲೇ ಇಟ್ಟುಕೊಂಡಳು. "ಸುಮ್ನೆ ಕೂತ್ಕೊಳೋ. ನನ್ನ ತಮ್ಮ ಮಾತಾಡ್ತಿದಾನೆ."